ಶಾಸನದ ಮಾತು, ವಿದ್ವಾಂಸರ ಪರೀಕ್ಷೆ

ನಾಡಿನ ಪ್ರಾಚೀನ ಇತಿಹಾಸವನ್ನು ತಿಳಿಯುವುದಕ್ಕೆ ಶಾಸನಗಳು ಮುಖ್ಯವಾದ ಆಧಾರಗಳು. ಆಯಾ ಕಾಲದ ಜನರೇ ಬರೆಯಿಸಿದ ಬರಹಗಳಾದುದರಿಂದ ಅವುಗಳಿಗೆ ಹೆಚ್ಚಿನ ಬೆಲೆಯುಂಟು. ಹಾಗೆಂದು ಕಲ್ಲಿನ ಮೇಲೆ ಕೊರೆದುದೆಲ್ಲವನ್ನೂ ಪರೀಕ್ಷಿಸದೆ ನಂಬಬಹುದೇ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಒಂದು ಶಾಸನವು ಕೊಣ್ಣೂರಿನಲ್ಲಿ ದೊರೆತಿದೆ.

ಕೊಣ್ಣೂರು ಗದಗ ಜಿಲ್ಲೆಯ ನರಗುಂದ ತಾಲೂಕಿನಲ್ಲಿ, ಮಲಪ್ರಭಾ ನದಿಯ ಬಳಿ ಇರುವ ಊರು. ಇದರ ಹಳೆಯ ಹೆಸರು ಕೊಳನೂರು. ಇಲ್ಲಿಯ ಪರಮೇಶ್ವರ ದೇವಾಲಯದ ಶಿಲಾಶಾಸನವು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಮಾಡಿದ ದಾನವನ್ನು ತಿಳಿಸುತ್ತದೆ. ಗಂಗರ ಮೇಲೆ ದಂಡೆತ್ತಿ ಹೋಗಿ ಸ್ವಾಮಿಸೇವೆ ಮಾಡಿದ ಬಂಕೆಯನೆಂಬ ಸಾಮಂತನು ಕೊಳನೂರಿನಲ್ಲಿ ಜಿನಾಲಯವನ್ನು ಕಟ್ಟಿಸಿದ್ದನು. ಅವನ ಬಿನ್ನಹದಂತೆ ಅರಸನು ಆ ಜಿನಾಲಯಕ್ಕಾಗಿ ದೇವೇಂದ್ರನೆಂಬ ಜೈನಮುನಿಗೆ ತಲೆಯೂರೆಂಬ ಗ್ರಾಮವನ್ನು ಬಿಟ್ಟುಕೊಟ್ಟನು. ಇದು ನಡೆದುದು ಶಕವರ್ಷ 782ರ ಆಶ್ವಯುಜ ಹುಣ್ಣಿಮೆಯಂದು, ಚಂದ್ರಗ್ರಹಣದ ಪುಣ್ಯಕಾಲದಲ್ಲಿ.

ಜರ್ಮನಿಯ ವಿದ್ವಾಂಸ ಕೀಲ್‌ಹಾರ್ನ್‌ ಈ ಶಾಸನವನ್ನು ‘ಎಪಿಗ್ರಾಫಿಯ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಪ್ರಕಟಿಸಿದನು. ಆಗ ಒಂದು ತೊಡಕು ಎದುರಾಯಿತು. ಶಾಸನ ಹೇಳುವ ಕಾಲ ಒಂಬತ್ತನೆಯ ಶತಮಾನ. ಕಲ್ಲಿನ ಅಕ್ಷರಗಳೋ ಅದಕ್ಕಿಂತ ಬಹಳ ಈಚಿನವು. ಹಾಗಾದರೆ ಇದು ಕೃತಕವೇ? ಉತ್ತರವು ಶಾಸನದ ಕೊನೆಯ ಭಾಗದಲ್ಲಿಯೇ ಇದೆ. ಕೊಳನೂರಿನ ಪ್ರಭುವಾದ ಹುಳಿಯಮರಸನೂ ಇತರರೂ ಬೇಡಿಕೊಳ್ಳಲು, ವೀರನಂದಿ ಮುನಿಯು ಹಳೆಯ ತಾಮ್ರಶಾಸನವನ್ನು ಕಲ್ಲಿನ ಮೇಲೆ ಬರೆಯಿಸಿದನೆಂದು ಅದು ಹೇಳುತ್ತದೆ. ವೀರನಂದಿಯ ಗುರು ಮೇಘಚಂದ್ರನು 1115ರಲ್ಲಿ ತೀರಿಕೊಂಡನೆಂಬುದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುತ್ತದೆ. ಆದುದರಿಂದ ಈ ಕಲ್ಲು ಹನ್ನೆರಡನೆಯ ಶತಮಾನದ ಪ್ರತಿ.

ಪ್ರತಿಯ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬಹುದು? ಅದನ್ನು ಒಂದೊಂದಾಗಿ ತೂಗಿ ನೋಡಬೇಕು. ಗಣಿತದಿಂದ ನೋಡಿದರೆ ಶಾಸನದ ತಿಥಿಯು 860ನೆಯ ಇಸವಿಯ ಅಕ್ಟೋಬರ್ 3ಕ್ಕೆ ಸರಿಹೊಂದುತ್ತದೆ. ಬಂಕೆಯನು ಕಲ್ಪನೆಯ ವ್ಯಕ್ತಿಯಲ್ಲ. ಬಂಕಾಪುರಕ್ಕೆ ಹೆಸರು ಬಂದುದು ಅವನಿಂದಲೇ. ಅವನ ಮಗ ಲೋಕಾದಿತ್ಯನು ಅಲ್ಲಿ ಆಳುತ್ತಿದ್ದನೆಂದು ಗುಣಭದ್ರಾಚಾರ್ಯರ ‘ಉತ್ತರಪುರಾಣ’ದ ಪ್ರಶಸ್ತಿ ತಿಳಿಸುತ್ತದೆ. ಆದರೆ ರಾಷ್ಟ್ರಕೂಟರ ವಂಶಾವಳಿಯ ವಿಷಯದಲ್ಲಿ ಈ ಶಾಸನವು ಆ ಕಾಲದ ಇತರ ಶಾಸನಗಳೊಡನೆ ಪೂರ್ತಿಯಾಗಿ ಹೊಂದುವುದಿಲ್ಲ. ಹೀಗೆ ಒಂದೇ ಕಲ್ಲಿನಲ್ಲಿ ನಂಬತಕ್ಕ ಮಾತೂ ಸಂದೇಹಿಸತಕ್ಕ ಮಾತೂ ಸೇರಿರಬಹುದು.

ಇಂತಹ ವಿವೇಚನೆ ಒಬ್ಬನಿಂದ ಮುಗಿಯತಕ್ಕದ್ದಲ್ಲ. ಲಿಪಿಯನ್ನು ಬಲ್ಲವನು ಗ್ರಹಗಣಿತವನ್ನು ಅರಿಯದಿರಬಹುದು. ಸಾಹಿತ್ಯದಲ್ಲಿ ಪಂಡಿತನಾದವನಿಗೆ ಸ್ಥಳಪರಿಚಯವಿಲ್ಲದಿರಬಹುದು. ಆದುದರಿಂದಲೇ ವಿದ್ವಾಂಸರು ಸಂಘಟಿತರಾಗಬೇಕಾಯಿತು. ಈ ಕಾರ್ಯದಲ್ಲಿ ಧಾರವಾಡವು ಹಿರಿದಾದ ಪಾತ್ರವನ್ನು ವಹಿಸಿದೆ. ಆಲೂರು ವೆಂಕಟರಾಯರ ಪ್ರಯತ್ನದಿಂದ 1914ರಲ್ಲಿ ಅಲ್ಲಿ ಕರ್ನಾಟಕ ಇತಿಹಾಸ ಸಂಶೋಧಕ ಮಂಡಳವು ಹುಟ್ಟಿತು. 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಸ್ಥಾಪನೆಯಾಗಿ, ಶಾಸನಗಳನ್ನು ಸಂಗ್ರಹಿಸಿ ಸಂಪುಟಗಳಾಗಿ ಪ್ರಕಟಿಸಿತು. ಇಡೀ ಭಾರತದ ಶಾಸನತಜ್ಞರನ್ನು ಒಂದುಗೂಡಿಸುವ ಭಾರತೀಯ ಪುರಾಭಿಲೇಖ ಪರಿಷತ್ತು ಜನ್ಮತಾಳಿದುದೂ 1974ರಲ್ಲಿ, ಧಾರವಾಡದಲ್ಲಿಯೇ.

ಶಾಸನದ ಅಧ್ಯಯನವು ಊರೂರು ತಿರುಗುವುದರಿಂದ ಆರಂಭವಾಗುತ್ತದೆ. ಕಲ್ಲು ಕಂಡೊಡನೆ ಅದನ್ನು ತೊಳೆದು, ಒದ್ದೆ ಕಾಗದವನ್ನು ಹರಡಿ, ಅಕ್ಷರಗಳ ಕುಳಿಯೊಳಕ್ಕೆ ಕಾಗದ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿ ಸವರಿ ಅಚ್ಚು ತೆಗೆಯುತ್ತಾರೆ. ಕುಳಿಯಲ್ಲಿ ಮಸಿ ತಗಲದಿರುವುದರಿಂದ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಅದನ್ನು ಓದಿ, ಅರ್ಥ ಮಾಡಿ ಬರೆದ ಲೇಖನವು ವಿದ್ವತ್ಸಭೆಯ ಮುಂದೆ ಬರುತ್ತದೆ. ಪುರಾಭಿಲೇಖ ಪರಿಷತ್ತು ನಾಡಿನ ಬೇರೆ ಬೇರೆ ನಗರಗಳಲ್ಲಿ ಅಧಿವೇಶನಗಳನ್ನು ಸೇರಿಸುವುದೂ ತನ್ನದೇ ಪತ್ರಿಕೆಯನ್ನು ಹೊರಡಿಸುವುದೂ ಇದಕ್ಕಾಗಿಯೇ. ಅಲ್ಲಿ ಒಬ್ಬರ ಓದನ್ನು ಇನ್ನೊಬ್ಬರು ಪ್ರಶ್ನಿಸುತ್ತಾರೆ; ಒಂದಕ್ಷರ ತಿದ್ದಿದರೆ ಕೆಲವೊಮ್ಮೆ ಒಬ್ಬ ಅರಸನ ಕಾಲವೇ ಬದಲಾಗುತ್ತದೆ. ಎಷ್ಟೇ ದೊಡ್ಡ ಪಂಡಿತನ ಮಾತಾದರೂ ಆಧಾರವಿಲ್ಲದೆ ನಿಲ್ಲದು.

ಆದರೆ ಪರೀಕ್ಷಿಸುವುದಕ್ಕೆ ಮೊದಲು ಆಧಾರವು ಉಳಿದಿರಬೇಕು. ಬಂಕೆಯನ ದಾನದ ಮೂಲ ತಾಮ್ರಪಟ ಇಂದು ನಮ್ಮ ಮುಂದಿಲ್ಲ. ಕೊಳನೂರಿನವರು ಅಂದು ಅದನ್ನು ಕಲ್ಲಿಗೆ ಏರಿಸದೆ ಇದ್ದಿದ್ದರೆ ಆ ಸಂಗತಿಯೇ ಮರೆಯಾಗುತ್ತಿತ್ತು. ಇಂದಿಗೂ ಎಷ್ಟೋ ಊರುಗಳಲ್ಲಿ ಬರಹವಿರುವ ಕಲ್ಲುಗಳು ಬಟ್ಟೆ ಒಗೆಯುವುದಕ್ಕೂ ಮೆಟ್ಟಿಲಿಗೂ ಬಳಕೆಯಾಗಿ ಸವೆಯುತ್ತಿವೆ. ಸುಣ್ಣಬಣ್ಣದ ಕೆಳಗೆ ಅಕ್ಷರಗಳು ಮುಚ್ಚಿಹೋಗುತ್ತಿವೆ. ವಿದ್ವಾಂಸರು ಎಲ್ಲ ಊರುಗಳಿಗೂ ಹೋಗಲಾರರು. ತಮ್ಮೂರಿನ ಕಲ್ಲನ್ನು ಕಾಯ್ದು, ಅದರ ಸುದ್ದಿಯನ್ನು ಬಲ್ಲವರಿಗೆ ಮುಟ್ಟಿಸುವವರು ಊರವರೇ ಆಗಬೇಕು. ಹುಳಿಯಮರಸನ ಕಾಲದಲ್ಲಿ ಕೊಳನೂರಿನವರು ಮಾಡಿದುದು ಅದನ್ನೇ.