ಕುಡಿತ ಬಿಡಲು ಯಾವ ಕಾಲ?

ತಪಸ್ಸುಕಾಲ ಬಂತೆಂದರೆ "ಸಿಸ್ಟರ್, ಈ ಸಲ ಬಿಟ್ಟೇಬಿಡ್ತೀನಿ" ಎನ್ನುವ ತಾಯಂದಿರು ನಮ್ಮಲ್ಲಿಗೆ ಬರುತ್ತಾರೆ. ಅಪರೂಪಕ್ಕೆ ಕುಡಿಯುವವರಿಗೆ ಬೂದಿ ಬುಧವಾರ ತಕ್ಕ ದಿನವೇ. ಮನೆಮಂದಿಯೂ ಏನಾದರೊಂದು ಬಿಟ್ಟಿರುತ್ತಾರೆ, ತಾನೊಬ್ಬಳೇ ಎನಿಸದು.

ಆದರೆ ದಿನವೂ ಕದ್ದುಮುಚ್ಚಿ ಜಾಸ್ತಿ ಕುಡಿಯುವವರು ದಿಢೀರನೆ ನಿಲ್ಲಿಸಬಾರದು. ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಇದು ಭಕ್ತಿ ಸಾಲದೆ ಬರುವುದಲ್ಲ, ಕಾಯಿಲೆ. ಇಂಥವರು ಯಾವ ಕಾಲಕ್ಕೂ ಕಾಯದೆ ಈ ವಾರವೇ ಡಾಕ್ಟರನ್ನು ಕಾಣಲಿ, ಎಷ್ಟು ಕುಡಿಯುತ್ತೇವೆಂದು ನಾಚದೆ ಹೇಳಲಿ. ಮಾತ್ರೆ ಕೊಟ್ಟು ಜೋಪಾನವಾಗಿ ನಿಲ್ಲಿಸುತ್ತಾರೆ. (ಪಾಪನಿವೇದನೆ ಬೇಕು, ಮಾತ್ರೆಯ ಬದಲಿಗಲ್ಲ.)

ತಪಸ್ಸುಕಾಲದ 40 ದಿನದ ಲೆಕ್ಕದಲ್ಲಿ ಭಾನುವಾರಗಳು ಸೇರುವುದಿಲ್ಲ. ಅದನ್ನೇ ನೆಪಮಾಡಿ ಒಂದು ಗ್ಲಾಸ್ ತಗೊಂಡರೆ ಸೋಮವಾರ ಮತ್ತೆ ಮೊದಲಿಂದ. ಪಾಸ್ಖ ಹಬ್ಬದ ಊಟಕ್ಕೆ ಮೇಜಿನ ಮೇಲೆ ಏನಿಡಬೇಕೆಂದು ಮನೆಯವರೊಂದಿಗೆ ಈಗಲೇ ಮಾತಾಡಿಕೊಳ್ಳಿ.