ಊರೆಲ್ಲ ಬಿತ್ತಿದ್ದನ್ನೇ ನೀವೂ ಬಿತ್ತಬೇಕೆ?



ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಹಗುರವಾದ ಕಟ್ಟಿಗೆಯಲ್ಲಿ ಕೆತ್ತಿದ ಗೊಂಬೆಗೆ 'ಕಿಟ್ಟ' ಮೆತ್ತುತ್ತಾರೆ. ಹುಣಸೆ ಬೀಜದ ಅಂಟಿಗೆ ಕಟ್ಟಿಗೆ ಹೊಟ್ಟು, ಸೆಣಬಿನ ಚಿಂದಿಯ ಪುಡಿ ಬೆರೆಸಿದರೆ ಕಿಟ್ಟವಾಗುತ್ತದೆ. ಅದರ ಹದವನ್ನು ಮಕ್ಕಳು ಹಿರಿಯರ ಮಗ್ಗುಲಲ್ಲಿ ಕುಳಿತು ಕಲಿಯುತ್ತಾರೆ. 'ಚಿತ್ರಗಾರ' ಎಂಬ ಹೆಸರೂ ಕಸುಬಿನ ಸಂಗಡವೇ ಬರುತ್ತದೆ.

ಒಕ್ಕಲುತನವೂ ಹೀಗೆಯೇ. ಕೂರಿಗೆ ಹಿಡಿಯುವುದು, ಮೃಗಶಿರ ಮಳೆಗೆ ನೆಲದ ಹದ ನೋಡುವುದು, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಪೂಜಿಸುವುದು, ಇವೆಲ್ಲ ಮನೆ, ಓಣಿ, ಊರು ನಮಗೆ ಕಲಿಸಿದ ಪಾಠ. ಇದು ದೊಡ್ಡ ಆಸ್ತಿ. ಆದರೆ ಇದೇ ಊರು ಒಮ್ಮೊಮ್ಮೆ ನಮ್ಮ ಕೈಯನ್ನೂ ಕಟ್ಟಿಹಾಕುತ್ತದೆ.

ಒಮ್ಮೆ ಒಬ್ಬ ಹಿರಿಯ ರೈತರಿಗೆ ಸಜ್ಜೆಯಲ್ಲಿ ತೊಗರಿ ಅಕ್ಕಡಿ ಹಾಕಲು ಹೇಳಿದೆ. ಲಾಭವೇನೆಂದು ಅವರಿಗೆ ತಿಳಿದಿತ್ತು. ಆದರೂ ಅವರು, "ಸಾಹೇಬ್ರ, ಮಂದಿ ಕೂಡ ಬಿತ್ತಿ ಹಾಳಾದ್ರ ಮಳಿ ಹೋತು ಅಂತಾರ. ನಾ ಒಬ್ಬನ ಬ್ಯಾರೆ ಬಿತ್ತಿ ಹಾಳಾದ್ರ ನನ್ನ ಬುದ್ಧಿ ಹೋತು ಅಂತಾರ್ರಿ" ಎಂದರು. ಅವರಿಗೆ ನಷ್ಟದ ಭಯಕ್ಕಿಂತ ನಗೆಗೀಡಾಗುವ ಭಯವೇ ಹೆಚ್ಚಾಗಿತ್ತು.

ಇದು ನಮ್ಮೂರ ಮಾತಷ್ಟೇ ಅಲ್ಲ. ಅಮೇರಿಕದ ಅಯೋವಾ ರಾಜ್ಯದ 259 ರೈತರನ್ನು ವಿಚಾರಿಸಿ ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 1943ರಲ್ಲಿ ವರದಿ ಪ್ರಕಟಿಸಿದರು. ಸಂಕರಣ ಮೆಕ್ಕೆಜೋಳದ ಸುದ್ದಿಯನ್ನು ರೈತರಿಗೆ ಮೊದಲು ಮುಟ್ಟಿಸಿದವರು ಹೆಚ್ಚಾಗಿ ಬೀಜ ಮಾರುವವರು. ಆದರೆ ಬಿತ್ತುವ ಧೈರ್ಯ ಕೊಟ್ಟವರು ಹೆಚ್ಚಾಗಿ ನೆರೆಹೊರೆಯವರು. ಮೊದಲು ಬಿತ್ತಿದವರೂ ಚಿಕ್ಕ ತುಂಡಿನಲ್ಲೇ ಪರೀಕ್ಷೆ ಮಾಡಿ ನೋಡಿದ್ದರು.

ಒಬ್ಬರೇ ಮಾಡಿದರೆ ಸಾಲದ ಕೆಲಸಗಳೂ ಉಂಟು. ದಾಳಿಂಬೆಯ ದುಂಡಾಣು ಅಂಗಮಾರಿ ರೋಗವನ್ನೇ ನೋಡಿ. ರೋಗವಿರುವ ಸಸಿ, ಗಾಳಿಮಳೆಯ ಹನಿ, ಸವರುವ ಕತ್ತರಿ, ಇವುಗಳಿಂದ ಅದು ಹರಡುತ್ತದೆ. ನೀವು ಎಷ್ಟೇ ಚೊಕ್ಕಟವಾಗಿದ್ದರೂ ಪಕ್ಕದ ತೋಟದವರು ರೋಗದ ಟೊಂಗೆ ಕತ್ತರಿಸಿ ಸುಡದಿದ್ದರೆ ನಿಮ್ಮ ಶ್ರಮ ವ್ಯರ್ಥ. ಇಲ್ಲಿ ಊರಿನವರೆಲ್ಲ ಒಂದಾಗಿ ನಡೆಯುವುದೇ ಔಷಧಿ.

ಆದ್ದರಿಂದ ಈ ಕೆಳಗಿನಂತೆ ಮಾಡಿರಿ:

1. ಬಿತ್ತುವ ಮುನ್ನ, 'ಇದು ನನ್ನ ಹೊಲಕ್ಕೆ ಒಪ್ಪುವುದೇ, ಅಥವಾ ಮಂದಿ ಬಿತ್ತಿದರೆಂದು ಬಿತ್ತುತ್ತಿದ್ದೇನೆಯೇ?' ಎಂದು ಕೇಳಿಕೊಳ್ಳಿರಿ.

2. ಹೊಸ ತಳಿ, ಹೊಸ ಪದ್ಧತಿಯನ್ನು ಮೊದಲು ಐದು-ಹತ್ತು ಗುಂಟೆಯಲ್ಲಿ ಮಾತ್ರ ಪರೀಕ್ಷಿಸಿರಿ. ಕೆಟ್ಟರೂ ಮನೆ ಕೆಡುವುದಿಲ್ಲ.

3. ನಾಲ್ಕೈದು ರೈತರು ಕೂಡಿ ಪರೀಕ್ಷೆ ಮಾಡಿರಿ. ಆಗ ಧೈರ್ಯವೂ ಹಂಚಿಕೆಯಾಗುತ್ತದೆ, ನಷ್ಟವೂ ಹಂಚಿಕೆಯಾಗುತ್ತದೆ.

4. ಬಂದ ಇಳುವರಿಯನ್ನೂ ಆದ ನಷ್ಟವನ್ನೂ ಮುಚ್ಚಿಡದೆ ಹೇಳಿರಿ.

'ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ' ಎಂದು ಹಂಗಿಸುವುದು ಸುಲಭ. ಆ ಪೋರನ ಹತ್ತು ಗುಂಟೆ ಕೆಟ್ಟಾಗ ನಗಬೇಡಿರಿ. ಬದುವಿಗೆ ಹೋಗಿ ಏಕೆ ಕೆಟ್ಟಿತೆಂದು ಕೇಳಿರಿ. ಅವನ ನಷ್ಟದಿಂದ ಇಡೀ ಊರು ಒಂದು ಪಾಠ ಕಲಿತಂತಾಗುತ್ತದೆ. ಮುಂದಿನ ವರ್ಷ ಅವನೂ ಹೆದರದೆ ಕೂರಿಗೆ ಹೂಡುತ್ತಾನೆ.