ಹೂಬಿಟ್ಟ ಮರದ ಕೆಳಗೆ

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ ಬೆಂಗಳೂರಿನ ಲಾಲ್‌ಬಾಗ್ ಬೇರೊಂದೇ ರೂಪ ತಾಳುತ್ತದೆ. ಹಳದಿ ಟಬೂಬಿಯಾ ಎಲೆಗಳನ್ನೆಲ್ಲ ಕಳಚಿ ಮೈತುಂಬ ಹೂವಾಗಿ ನಿಲ್ಲುತ್ತದೆ. ಹೊಂಗೆ ತನ್ನ ತೆಳುನೇರಳೆ ಹೂಗಳನ್ನು ನೆಲಕ್ಕೆ ಸುರಿಯುತ್ತದೆ. ಕಳೆದ ವಸಂತದ ಒಂದು ಮುಂಜಾನೆ ಅಲ್ಲಿ ಕೆಲವು ತರುಣರು ಕೈಗೆಟುಕಿದ ಕೊಂಬೆಯನ್ನು ಜಗ್ಗಿ ಅಲುಗಿಸುತ್ತಿದ್ದರು. ಅವರಿಗೆ ಹೂಮಳೆಯ ಚಿತ್ರ ಬೇಕಿತ್ತು. ತಡೆಯಬೇಕಾಗಿದ್ದ ನಾನು ನಿಂತು ನೋಡಿದೆ. ಸುಳ್ಳೇಕೆ, ಸಂತೋಷವನ್ನೂ ಪಟ್ಟೆ.

ಮನೆಗೆ ಮರಳುವಾಗ ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲಿನ ಚಿತ್ರವೊಂದು ನೆನಪಾಯಿತು. ಒಂದು ಮರ, ಅದರ ಸುತ್ತ ಆರು ಮಂದಿ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಲೇಶ್ಯೆಗಳನ್ನು ವಿವರಿಸಲು ಹೇಳಿದ ದೃಷ್ಟಾಂತವದು. ಕಾಡಿನಲ್ಲಿ ದಾರಿ ತಪ್ಪಿದ ಆರು ಪಥಿಕರು ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಬುಡಸಹಿತ ಕಿತ್ತು ತಿನ್ನೋಣವೆನ್ನುವವನದು ಕೃಷ್ಣಲೇಶ್ಯೆ. ಕಾಂಡ, ಕೊಂಬೆ, ರೆಂಬೆ, ಹಣ್ಣು ಎಂದು ಆಸೆ ತಗ್ಗುತ್ತ ಬಂದಂತೆ ನೀಲ, ಕಾಪೋತ, ಪೀತ, ಪದ್ಮ. ತಾನಾಗಿ ಬಿದ್ದ ಹಣ್ಣು ಸಾಕೆನ್ನುವವನದು ಶುಕ್ಲಲೇಶ್ಯೆ. ಗಮನಿಸಬೇಕಾದ ಸಂಗತಿಯೆಂದರೆ, ಕಥೆಯಲ್ಲಿ ಇನ್ನೂ ಯಾರೂ ಕೊಡಲಿ ಎತ್ತಿಲ್ಲ. ಅಳೆಯುತ್ತಿರುವುದು ಮನಸ್ಸಿನ ಬಣ್ಣವನ್ನು ಮಾತ್ರ.

ಹಾಗಾದರೆ ಕೊಂಬೆ ಮುಟ್ಟದ ನಾನು ಎಲ್ಲಿ ನಿಂತಿದ್ದೆ? ಹಿಂಸೆಗೆ ಕೃತ, ಕಾರಿತ, ಅನುಮೋದಿತವೆಂಬ ಮೂರು ಬಾಗಿಲುಗಳನ್ನು ನಮ್ಮ ಆಚಾರ್ಯರು ಗುರುತಿಸಿದ್ದಾರೆ. ಮೂರನೆಯದನ್ನು ನಾನು ನಗುನಗುತ್ತಲೇ ದಾಟಿದ್ದೆ. ಆ ಆರು ಮಂದಿಗಾದರೂ ಹಸಿವಿತ್ತು; ನಮಗೆ ಅದೂ ಇರಲಿಲ್ಲ. ಮರವು ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವ. ಶ್ರಾವಕನ ಬದುಕು ವನಸ್ಪತಿಯನ್ನು ಪೂರ್ತಿ ಬಿಟ್ಟು ಸಾಗದು, ನಿಜ. ಆದರೆ ಪ್ರಯೋಜನವಿಲ್ಲದೆ ಗಿಡಮರ ಕತ್ತರಿಸುವುದನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪ್ರಮಾದಚರ್ಯೆ ಎಂಬ ಅನರ್ಥದಂಡಕ್ಕೆ ಸೇರಿಸುತ್ತಾರೆ. ವ್ಯರ್ಥ ಅಲೆದಾಟವೂ ಅದೇ ಪಟ್ಟಿಯಲ್ಲಿದೆ! ಹೂ ನೋಡಲು ಹೋಗುವುದೇ ಪ್ರಮಾದವೇ? ನನಗೆ ಹಾಗೆನಿಸದು. ಮೈಮರೆತು ಅಲೆಯುವುದು ಬೇರೆ, ಎಚ್ಚರದಿಂದ ನೋಡುವುದು ಬೇರೆ.

ಮರುವಾರ ಮತ್ತೆ ಹೋದೆ. ಆ ಕೊಂಬೆ ಬುಡದಲ್ಲಿ ಸೀಳಿ, ತೊಗಟೆ ಸುಲಿದು ಜೋತಾಡುತ್ತಿತ್ತು. ಮುಂದೆ ಹಾದಿಯುದ್ದಕ್ಕೂ ಹೊಂಗೆಯ ಹೂ ಹಾಸಿತ್ತು. ತಾನಾಗಿ ಬಿದ್ದ ಹೂವಲ್ಲವೇ ಎಂದು ಕಾಲಿಡಹೋದರೆ, ಎಸಳುಗಳ ನಡುವೆ ಇರುವೆಗಳ ಸಾಲು. ನಾಲ್ಕು ಮೊಳ ಮುಂದೆ ನೆಲವನ್ನು ನೋಡಿ ನಡೆಯುವ ಮುನಿಗಳ ಈರ್ಯಾಸಮಿತಿ ನೆನಪಾಯಿತು. ಹೂ ನೋಡಬಂದವನು ನೆಲ ನೋಡುತ್ತ, ಅಂಚನ್ನು ಬಳಸಿಕೊಂಡು ನಡೆದೆ.